ಟಕ್ ಅನ್ನೋವರೆಗೂ

ಕಣ್ಣು ಮುಚ್ಚಿಕೊಂಡು ಕ್ಯಾಮೆರಾ ಆರಿಸುವ ಗಿರಾಕಿಯನ್ನು ಮುನಾವರ್ ಇದೇ ಮೊದಲು ನೋಡಿದ್ದು.

ತಿಪಟೂರಿನ ಅವನ ಅಂಗಡಿಯ ಗಾಜಿನ ಮೇಜಿನ ಮೇಲೆ ಎರಡು ಕ್ಯಾಮೆರಾ ಇದ್ದವು. ಸಿದ್ದಾರ್ಥ್ ಮೊದಲು ಮಿರರ್‌ಲೆಸ್ಸಿನ ಗುಂಡಿ ಒತ್ತಿದ. ಉಸಿರೂ ಇಲ್ಲ. ಆಮೇಲೆ ಡಿಎಸ್‌ಎಲ್‌ಆರ್ ಎತ್ತಿಕೊಂಡು ಒತ್ತಿದ. ಟಕ್.

“ಇದು ಕೊಡಿ ಭಾಯ್,” ಅಂದ.

“ತಲೆ ಕೆಟ್ಟೈತಾ ನಿಂಗೆ? ಮದ್ವೆ ಮನೆಯೋರೆಲ್ಲ ಮಿರರ್‌ಲೆಸ್ ಕೇಳ್ತಾವ್ರೆ. ಹಗುರ, ಸದ್ದಿಲ್ಲ, ಪಕ್ಕದಲ್ಲಿ ಕೂತೋನಿಗೂ ಗೊತ್ತಾಗಲ್ಲ. ಹೊಸ ದುಡ್ಡು ಹಾಕಿ ಹಳೇದು ತಗೊಳ್ತೀನಿ ಅಂತೀಯಲ್ಲ! ಹೋದ ಸಲ ನಿನ್ನ ಹಿಡ್ಕೊಟ್ಟಿದ್ದು ಈ ಟಕ್ಕೇ ಅಲ್ವೇನೋ?”

ನಿಜ. ಹೋದ ವರ್ಷ ಸಿದ್ದಾರ್ಥನ ತಾಯಿ ಅಂಕಮ್ಮ ಗಂಗರಾಜುವಿನ ಕೊಬ್ಬರಿ ಶೆಡ್ಡಿನಲ್ಲಿ ಕಾಯಿ ಹೊರುತ್ತಿದ್ದಳು. ಉಳಿದ ಆಳುಗಳಿಗೆ ಸ್ಟೀಲ್ ಲೋಟ. ಕೇರಿಯವರಿಗೆ ತೆಂಗಿನ ಕರಟ. ಅದಕ್ಕೂ ಮೊಳದೆತ್ತರದಿಂದ ಸುರಿಯುವ ಟೀ. ಅವ್ವ ಕರಟ ಚಾಚಿ ನಿಂತದ್ದನ್ನು ಮಗ ಚೀಲಗಳ ಮರೆಯಿಂದ ಹಿಡಿದ. ಟಕ್ ಅಂದಿತು. ಗಂಗರಾಜು ತಿರುಗಿದ. ಕ್ಯಾಮೆರಾ ಕಿತ್ತುಕೊಂಡವನು ಅದನ್ನು ಕಾಯಿ ಸುಲಿಯುವ ಕಬ್ಬಿಣದ ಮೊನೆಗೆ ಕುಕ್ಕಿ, ಮಟ್ಟೆ ಸೀಳಿದ ಹಾಗೆ ಸೀಳಿಬಿಟ್ಟ.

ನ್ಯಾಯ ಕೇಳಿದಾಗ ಹತ್ತು ಜನರ ಮುಂದೆ ನಕ್ಕಿದ್ದ. “ಎಲ್ಲೈತಪ್ಪ ಫೋಟೊ? ತೋರ್ಸು. ಫೋಟೊ ಇಲ್ಲಾಂದ್ರೆ ಅಂಥದ್ದೇನೂ ನಡೆದೇ ಇಲ್ಲ.”

ಹತ್ತೂ ತಲೆಗಳು ಹೌದೆಂದು ಅಲ್ಲಾಡಿದವು. ಅಂಕಮ್ಮ ಶೆಡ್ಡು ಬಿಟ್ಟಳು. ಬರುವಾಗ ಆ ಕರಟ ತಂದು ಗೋಡೆಯ ಗೂಡಿನಲ್ಲಿಟ್ಟಳು.

“ಇವತ್ತು ಅವನೇ ಕರೆಸವ್ನೆ ಭಾಯ್. ಕೇರೀಲಿ ನೀರು ಕುಡೀತಾನಂತೆ, ನಾನು ಫೋಟೊ ತೆಗೀಬೇಕಂತೆ. ನಾಡಿದ್ದು ಓಟಲ್ವಾ, ಅವನೂ ನಿಂತವ್ನೆ.”

ಮುನಾವರ್ ದನಿ ತಗ್ಗಿಸಿದ. “ಹಂಗಾದ್ರೆ ಸದ್ದಿಲ್ಲದ್ದೇ ತಗಳಪ್ಪ. ಆಚೆ ಹೋಗಿ ಬಾಯಿ ಮುಕ್ಕಳಿಸ್ತಾನಲ್ಲ, ಅದನ್ನ ಹಿಡಿ.”

“ಕದ್ದು ತೆಗೆಯೋದು ಮುಗೀತು. ಈ ಸಲ ಅವನ ಕಿವಿಗೆ ಬೀಳ್ಬೇಕು.”

ಮುನಾವರ್ ನಿಟ್ಟುಸಿರಿಟ್ಟು ಬ್ಯಾಟರಿ, ಕಾರ್ಡು, ಚಾರ್ಜರ್, ಪಟ್ಟಿ ಒಂದೊಂದಾಗಿ ಮೇಜಿನ ಮೇಲೆ ಜೋಡಿಸಿದ. ಸಿದ್ದಾರ್ಥ್ ಬ್ಯಾಟರಿ ಹಾಕಿದ, ಚಾರ್ಜರ್ ಜೇಬಿಗಿಳಿಸಿದ, ಪಟ್ಟಿ ಸಿಕ್ಕಿಸಿ ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡು ತುರುವೇಕೆರೆ ಬಸ್ಸು ಹಿಡಿದ.

ಬಾಗಿಲಲ್ಲೇ ಅವ್ವ ಕಾದಿದ್ದಳು.

“ಅವನ ಮುಖ ಬೆಳ್ಳಗೆ ಮಾಡಕ್ಕೆ ಹೊಸ ಕ್ಯಾಮೆರಾ ಬೇರೆ ಬೇಕಿತ್ತೇನ್ಲಾ? ನಿನ್ನ ಹೆತ್ತ ಹೊಟ್ಟೆ ಉರೀತೈತೆ.”

“ಗೂಡಿನ ಕರಟ ತೊಳ್ಕೊಂಡು ಬಾ ಅವ್ವ. ನೀರು ಅದ್ರಲ್ಲೇ ಕೊಡು.”

ಮಧ್ಯಾಹ್ನ ಗಂಗರಾಜು ಇಸ್ತ್ರಿ ಮುರಿಯದ ಬಿಳಿ ಬಟ್ಟೆಯಲ್ಲಿ ಬಂದ. ಬಂದವನೇ ಹಿಂಬಾಲಕರ ಮೇಲೆ ಹಾರಿಬಿದ್ದ. “ಮೊಬೈಲೆಲ್ಲ ಜೇಬಿಗಿಡ್ರಲಾ! ಒಬ್ಬನೂ ಎತ್ತಕೂಡ್ದು!” ಹಿಂದಿನ ಊರಿನ ಕೇರಿಯಲ್ಲಿ ಅವನು ಕುಡಿದದ್ದು ತಾನೇ ತಂದ ಬಾಟಲಿ ನೀರು ಅನ್ನೋದನ್ನು ಯಾರದೋ ಮೊಬೈಲು ಹಿಡಿದು ಜಿಲ್ಲೆಗೆಲ್ಲ ಹಂಚಿತ್ತು. “ಕೇರಿ ಹುಡುಗನೇ ತೆಗೀಲಿ. ಆಗ ಯಾವನೂ ನಾಟಕ ಅನ್ನಲ್ಲ.” ಸಿದ್ದಾರ್ಥನ ಬೆನ್ನು ತಟ್ಟುವವನಂತೆ ಕೈ ಎತ್ತಿ, ಮುಟ್ಟದೆ ಇಳಿಸಿದ.

ಅಂಕಮ್ಮ ಕರಟ ಚಾಚಿದಳು.

“ಲೋಟ ಇಲ್ವೇನಮ್ಮ?”

“ನಿಮ್ಮ ಶೆಡ್ಡಿಂದೇ ಸ್ವಾಮಿ.”

ಗಂಗರಾಜುವಿನ ಮುಖ ಕಪ್ಪಿಟ್ಟಿತು. ಸಿದ್ದಾರ್ಥ್ ಕ್ಯಾಮೆರಾ ಕಣ್ಣಿಗೇರಿಸಿದ. “ಕರಟಾನೇ ಸರಿ ಯಜಮಾನ್ರೆ. ಪೇಪರ್ನೋರು ಮುಗಿಬೀಳ್ತಾರೆ. ಒಂದೇ ಮಾತು, ಟಕ್ ಅನ್ನೋವರೆಗೂ ಬಾಯಿಂದ ಇಳಿಸ್ಬೇಡಿ.”

ಗಂಗರಾಜು ತುಟಿಗಿಟ್ಟ. ಟಕ್ ಅನ್ನಲಿಲ್ಲ. ಒಂದು ಗುಟುಕು ಇಳಿಯಿತು. ಇನ್ನೊಂದು. ಕೇರಿಯೆಲ್ಲ ಅವನ ಗಂಟಲನ್ನೇ ನೋಡುತ್ತಿತ್ತು. ಕರಟದ ತಳ ಕಂಡ ಮೇಲೆ ಟಕ್ ಅಂದಿತು.

“ಅಯ್ಯೋ, ಕಣ್ಣು ಮುಚ್ಕೊಂಡ್ಬಿಟ್ರಿ. ಇನ್ನೊಂದ್ಸಲ.”

ಪಕ್ಕದ ಮನೆಯ ರಾಮಕ್ಕ ತಂಬಿಗೆ ತಂದಳು. “ಸ್ವಲ್ಪ ಮೇಲಿಂದ ಹುಯ್ಯಕ್ಕ,” ಅಂದ ಸಿದ್ದಾರ್ಥ್. “ಧಾರೆ ಚೆನ್ನಾಗಿ ಕಾಣ್ತದೆ.”

ರಾಮಕ್ಕ ಮೊಳದೆತ್ತರದಿಂದ ಹುಯ್ದಳು. ಗಂಗರಾಜು ಎರಡೂ ಕೈಯಲ್ಲಿ ಕರಟ ಚಾಚಿ, ಬೆನ್ನು ಬಾಗಿಸಿ ನಿಂತ. ಅಂಕಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಟಕ್.

ಆಮೇಲೆ ಆಚೆ ಮನೆ. ಅದರಾಚೆ ಮನೆ. ಬೆಳಕು ಸರಿಯಿಲ್ಲ ಅಂದ, ನೆರಳು ಬಿತ್ತು ಅಂದ, ನಗು ಸಾಲದು ಅಂದ. ಟಕ್, ಟಕ್, ಟಕ್. “ಹುಯ್ಯೇ, ಇನ್ನೊಂದೀಟು ಹುಯ್ಯೇ, ಯಜಮಾನ್ರಿಗೆ ಬಾಯಾರೈತೆ!” ಅಂತ ಹೆಂಗಸರು ಒಬ್ಬರನ್ನೊಬ್ಬರು ತಿವಿದರು. ಕೇರಿಯ ಒಂದು ಬಾಗಿಲೂ ತಪ್ಪಲಿಲ್ಲ.

“ತೋರ್ಸು ನೋಡಣ,” ಅಂದ ಗಂಗರಾಜು, ತೇಗುತ್ತ.

“ಈ ಬಿಸ್ಲಿಗೆ ಏನೂ ಕಾಣಕ್ಕಿಲ್ಲ ಯಜಮಾನ್ರೆ. ಸಂಜೆ ಕಳುಸ್ತೀನಿ.”

“ಕತ್ತಲಾಗೋದ್ರೊಳಗೆ ಕಳ್ಸು. ಬೆಳಗ್ಗೆ ಪೇಪರಲ್ಲಿ ಬರ್ಬೇಕು.”

ಸಂಜೆ ಅಂಕಮ್ಮ ಮಗನ ಕಡೆ ನೋಡದೆ ಒಲೆ ಹಚ್ಚುತ್ತಿದ್ದಳು. ಕುಡಿಸಿದ್ದು ಸರಿ, ಆದರೆ ನಾಳೆ ಅದೇ ಫೋಟೊ ಅವನಿಗೆ ಓಟು ತಂದುಕೊಡುತ್ತದಲ್ಲ ಎಂಬ ಸಂಕಟ ಅವಳದು. ಆಗ ಫೋನು ಬಂತು. ಮುನಾವರ್‌ನ ಗಾಬರಿ ಒಲೆಯವರೆಗೂ ಕೇಳಿಸಿತು. “ಲೇ ಸಿದ್ದಾರ್ಥ್, ಮೆಮೊರಿ ಕಾರ್ಡು ನನ್ನ ಮೇಜಿನ ಮೇಲೇ ಕೂತೈತಲ್ಲೋ! ಕಾರ್ಡಿಲ್ದೆ ಅದು ಬರೀ ಟಕ್ ಅಂತದೆ ಅಷ್ಟೇ, ಒಂದೂ ಫೋಟೊ ಉಳಿಯಲ್ಲ!”

“ಗೊತ್ತು ಭಾಯ್. ಅಲ್ಲೇ ಇರ್ಲಿ, ನಾಳೆ ಬತ್ತೀನಿ.”

ಅಂಕಮ್ಮನ ಕೈ ನಿಂತಿತು. ಮಗನನ್ನು ನೋಡಿದಳು. ಆಮೇಲೆ ಎದ್ದು, ಆ ಕರಟವನ್ನು ತಂದು ಉರಿಯುವ ಒಲೆಗಿಟ್ಟಳು. ಅದು ಚಟಚಟನೆ ಹತ್ತಿಕೊಳ್ಳುವಾಗಲೇ ಫೋನು ಮತ್ತೆ ಬಡಿದುಕೊಂಡಿತು. ಗಂಗರಾಜು.

“ಎಲ್ಲೋ ಫೋಟೊ?”

“ಫೋಟೊ ಇಲ್ವಲ್ಲ ಯಜಮಾನ್ರೆ. ಅಂಥದ್ದೇನೂ ನಡೆದೇ ಇಲ್ಲ.”