ಚಿಲಕವಿಲ್ಲದ ಕೋಣೆ

ಬಾಗಿಲು ಮುಚ್ಚಿದ ದೊಡ್ಡಮ್ಮನ ಕೈ ಚಿಲಕಕ್ಕಾಗಿ ತಡಕಾಡಿತು. ಚಿಲಕವಿದ್ದ ಜಾಗದ ತೂತುಗಳನ್ನೂ ಮೆತ್ತಿ ಬಣ್ಣ ಹೊಡೆದಿದ್ದರು. ತುಂಬಿದ ಮನೆಗೆ ಸೊಸೆಯಾಗಿ ಬಂದು ಅಡುಗೆಮನೆಯ ಮೂಲೆಯಲ್ಲಿ, ಆಮೇಲೆ ಮಗಳ ಮನೆಯ ಸೋಫಾದ ಮೇಲೆ ಮಲಗಿಯೇ ಆಯುಸ್ಸು ಕಳೆದವಳು ಅವಳು. "ಅಲ್ಲಿ ನಿನಗೇ ಅಂತ ಒಂದು ರೂಮು ಕೊಡ್ತಾರಮ್ಮ" ಎಂದು ಮಗಳು ಹೇಳಿದ್ದಕ್ಕೇ ಈ ವೃದ್ಧರ ವಸತಿಗೆ ತುಟಿಪಿಟಕ್ಕೆನ್ನದೆ ಬಂದಿದ್ದಳು.

ಬಾಗಿಲು ತೆರೆದು ಕೇಳಿದಾಗ, "ಯಾವ ರೂಮಿಗೂ ಚಿಲಕ ಇಲ್ಲ ಅಜ್ಜಿ. ನೀವು ಬಿದ್ದುಗಿದ್ದರೆ ನಾವು ಒಳಗೆ ಬರೋದು ಹೇಗೆ?" ಎಂದಳು ಆಯಾ.

"ನಾನು ಬೀಳಲ್ಲ."

"ಎಲ್ಲರೂ ಹಾಗೇ ಅಂತಾರೆ."

ಬಿಡಲು ಬಂದಿದ್ದ ಮಗಳು ಕೈಚೀಲ ಹೆಗಲಿಗೇರಿಸಿಕೊಂಡಳು. "ಹೊಂದ್ಕೊಂಡು ಹೋಗಮ್ಮ. ನಿನಗೇನು ಹೊಸದಾ?" ಎಂದು ಹೊರಟೇಹೋದಳು.

ದೊಡ್ಡಮ್ಮ ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟು ನೋಡಿದಳು. ಹಗುರ ಪ್ಲಾಸ್ಟಿಕ್ಕಿನದು, ಬೆರಳು ತಾಗಿದರೆ ಜಾರುತ್ತಿತ್ತು. ಕೊನೆಗೆ ತಾನೇ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಬಟ್ಟೆ ಬದಲಿಸತೊಡಗಿದಳು. ಇನ್ನೂ ಅರ್ಧವಾಗಿರಲಿಲ್ಲ, ಹೊರಗಿನಿಂದ ಯಾರೋ ತಟ್ಟದೆಯೇ ನೂಕಿದರು. "ಮಾತ್ರೆ, ಅಜ್ಜಿ!" ಗಂಡಸಿನ ದನಿ. "ಒಂದು ನಿಮಿಷ" ಎಂದಳು. ಅದು ಬಾಗಿಲಾಚೆಗೆ ಕೇಳಿಸಲಿಲ್ಲ. ಕಾಲೂರಿ, ಮೈಯಲ್ಲಿದ್ದ ಬಲವನ್ನೆಲ್ಲ ಬೆನ್ನಿಗೆ ತಂದುಕೊಂಡಳು. ಬಾಗಿಲು ಬಿಗಿಯಾಗಿದೆ ಎಂದುಕೊಂಡು ಅವನು ಇನ್ನೂ ಜೋರಾಗಿ ನೂಕಿದ.

ಬಟ್ಟೆಯನ್ನು ಎದೆಗವಚಿಕೊಂಡು ಅವಳು ಪಕ್ಕಕ್ಕೆ ಸರಿದಳು.