ಮೂರು ಪಾಯಿಂಟ್ ಎಂಟು

ಕಂಪ್ಯೂಟರ್ ಕೊಟ್ಟ ಚೀಟಿಯಲ್ಲಿ 3.8 ಮಿಲಿಲೀಟರ್ ಎಂದಿತ್ತು. ಹಿರಿಯ ನರ್ಸ್ ಪಂಪಿನ ಮೇಲೆ 1.6 ಒತ್ತಿದರು. ಚೀಟಿಯನ್ನು ಮುದುರಿ ಬುಟ್ಟಿಗೆ ಎಸೆದರು.

ಗಾಜಿನಾಚೆ ನಿಂತಿದ್ದ ಪ್ರೋಗ್ರಾಮರ್ ಅದನ್ನು ಕಣ್ಣಾರೆ ಕಂಡಳು. ಔಷಧಾಲಯದವರ ದೂರು ನಿಜವಾಗಿತ್ತು: ಹಸುಗೂಸುಗಳ ವಾರ್ಡಿನಲ್ಲಿ ಹೃದಯದ ಔಷಧ ಪ್ರೋಗ್ರಾಂ ಹೇಳಿದಷ್ಟು ಹೋಗುತ್ತಿಲ್ಲ. ಮಗುವಿನ ತೂಕ ಕೊಟ್ಟರೆ ಪ್ರಮಾಣ ಹೇಳುವ ಆ ಪ್ರೋಗ್ರಾಂ ಬರೆದವಳು ಅವಳೇ.

ಮೇಲಧಿಕಾರಿಗೆ ತಿಳಿಸುವ ಮುನ್ನ ತನ್ನ ಕಡೆಯಿಂದ ಎಲ್ಲ ಸರಿಯಿದೆಯೇ ನೋಡೋಣವೆಂದು ವಾರ್ಡಿನ ಕಂಪ್ಯೂಟರಿನ ಮುಂದೆ ಕೂತಳು. ಎಲ್ಲರೂ ದೊಡ್ಡಕ್ಕ ಎಂದು ಕರೆಯುವ ಆ ನರ್ಸ್ ಬಂದು ಬೆನ್ನ ಹಿಂದೆ ನಿಂತರು.

"ಅದ್ರೊಳಗೆ ಏನೂ ಇಲ್ಲಮ್ಮ."

ಇವಳು ತಿರುಗಿ ನೋಡಲಿಲ್ಲ. ಪ್ರೋಗ್ರಾಂ ಪೈಥಾನ್ ಭಾಷೆಯದು. ಅದನ್ನು ಓದಿ ನಡೆಸಲು ಕಂಪ್ಯೂಟರಿನಲ್ಲಿ ಇಂಟರ್‌ಪ್ರಿಟರ್ ಇರಬೇಕು, ಹಳೆಯದಾದರೆ ನಡೆಯದು. ಅದಕ್ಕೇ ಪ್ರೋಗ್ರಾಂ ಶುರುವಾಗುವ ಮುನ್ನವೇ ನಡೆಯುವ ಬೇರೊಂದು ಕಾವಲು ಇಟ್ಟಿದ್ದಳು. ಇಂಟರ್‌ಪ್ರಿಟರ್ ಇದೆಯೇ, ಎಷ್ಟನೆಯ ಆವೃತ್ತಿ ಎಂದು ಅದು ಕೇಳುತ್ತದೆ. 3.8 ಅಥವಾ ಅದಕ್ಕೂ ಹೊಸದು ಎಂಬ ಉತ್ತರ ಬಂದರಷ್ಟೇ ಮುಂದಿನ ಮಾತು.

ಕಾವಲನ್ನು ನಡೆಸಿದಳು. ಉತ್ತರ ಬಂತು: 3.8. ಅಡ್ಡಿಯಿಲ್ಲ.

ದೊಡ್ಡಕ್ಕನ ಮೇಲಿನ ಅನುಮಾನ ಗಟ್ಟಿಯಾಯಿತು. ಪುರಾವೆಗೆಂದು ಬುಟ್ಟಿಯ ಚೀಟಿಗಳನ್ನು ಬಿಡಿಸಿ ಮೇಜಿನ ಮೇಲೆ ಹರಡಿದಳು. ಒಂದೂವರೆ ಕಿಲೋ ತೂಗುವ ಮಗು: 3.8. ನಾಲ್ಕು ಕಿಲೋದ ಮಗು: 3.8. ಅದರ ಪಕ್ಕದ್ದೂ 3.8.

ಇಂಟರ್‌ಪ್ರಿಟರಿನ ಹೆಸರಿದ್ದ ಕಡತವನ್ನು ತೆರೆದಳು. ಒಳಗಿದ್ದದ್ದು ಒಂದೇ ಸಾಲು. ಏನು ಕೇಳಿದರೂ 3.8 ಎಂದು ಹೇಳಿಬಿಡು ಎಂಬ ಸಾಲು. ಕಾವಲು ಆವೃತ್ತಿ ಕೇಳಿದರೂ ಅದೇ, ಮಗುವಿನ ತೂಕ ಕೊಟ್ಟರೂ ಅದೇ; ಚೀಟಿಯಲ್ಲಿ ಅಚ್ಚಾಗುತ್ತಿದ್ದದ್ದೂ ಅದೇ. ಇಂಟರ್‌ಪ್ರಿಟರ್ ಹಾಕಲು ಬಂದಿದ್ದ ತಂತ್ರಜ್ಞ ಅದು ಕೂರದೆ ಹೋದಾಗ ಕಾವಲಿನ ಬಾಯಿ ಮುಚ್ಚಿಸಿ ಕೈತೊಳೆದುಕೊಂಡಿದ್ದ. ಕಡತದ ತಾರೀಕು ಎರಡು ವರ್ಷ ಹಳೆಯದು. ಅಷ್ಟೂ ದಿನ ಅವಳ ಪ್ರೋಗ್ರಾಂ ಒಂದೇ ಒಂದು ಸಲವೂ ಓಡಿರಲಿಲ್ಲ.

"ಹಾಗಾದ್ರೆ ಇಷ್ಟು ದಿನ ಲೆಕ್ಕ…"

"ಕೈಯಲ್ಲೇ ಹಾಕ್ತಿದ್ದೆ. ಪ್ರತಿ ಮಗೂಗೂ ಎರಡೆರಡು ಸಲ. ಉಳಿದ ನರ್ಸ್‌ಗಳಿಗೂ ಹೇಳ್ಕೊಟ್ಟಿದ್ದೆ."

ಒಂದು ಮಗುವಿಗೂ ತೊಂದರೆ ಆಗಿರಲಿಲ್ಲ ಎಂಬುದು ಅವಳಿಗೆ ಆಗ ನೆನಪಾಯಿತು.

"ಯಾರಿಗಾದ್ರೂ ಹೇಳ್ಬಾರ್ದಿತ್ತಾ ದೊಡ್ಡಕ್ಕ?"

"ಮೊದಲನೇ ದಿನವೇ ನಿಮ್ಮ ಆಫೀಸಿಗೆ ಫೋನ್ ಮಾಡಿದ್ದೆ. ಕಂಪ್ಯೂಟರ್ ತಪ್ಪು ಮಾಡಲ್ಲ, ಚೀಟೀಲಿ ಇದ್ದಷ್ಟು ಹಾಕಿ ಅಂದ್ರು." ದೊಡ್ಡಕ್ಕ ತೊಟ್ಟಿಲ ಕಡೆ ಹೊರಟವರು ಒಂದು ಗಳಿಗೆ ನಿಂತರು. "ಫೋನ್ ಎತ್ತಿದ್ದು ಯಾರು ಅಂತ ಆಗ ಗೊತ್ತಿರ್ಲಿಲ್ಲ. ಬೆಳಿಗ್ಗೆ ವಾರ್ಡಿಗೆ ಬಂದು ನೀವು ಬಾಯಿ ಬಿಟ್ಟಾಗ ದನಿ ಗುರುತು ಸಿಕ್ತು."