ಏಳನೇ ಕಲಮು

ನಗರಸಭೆಯ ಲಿಫ್ಟ್ ನಡೆಸುತ್ತಲೇ ಅದರ ಬಾಗಿಲಿಗೆ ಸಿಕ್ಕಿ ಬಲಗೈ ಕಳೆದುಕೊಂಡ ಹಾಲಪ್ಪ, ಪಿಂಚಣಿ ನಿಯಮಕ್ಕೆ ತಿದ್ದುಪಡಿ ಬರುತ್ತಿದೆಯೆಂದು ಕೇಳಿ ಓಡಿಬಂದಿದ್ದ. ಅದರ ಏಳನೇ ಕಲಮಿನ ಪ್ರಕಾರ, ಉಳಿದ ಕೈಯಲ್ಲಿ ಯಾವ ಕೆಲಸ ಮಾಡಿದರೂ ಇನ್ನು ಪಿಂಚಣಿ ರದ್ದಂತೆ. ಅವನ ಪುಣ್ಯಕ್ಕೆ, ಆ ತಿದ್ದುಪಡಿಯ ಕರಡು ಹಿಡಿದು ಸಭೆಗೆ ಹೊರಟ ಅಧಿಕಾರಿ ಅದೇ ಲಿಫ್ಟಿನಲ್ಲಿ ಸಿಕ್ಕಿಕೊಂಡರು.

"ಹಾಲಪ್ಪಾ, ಹೊರಗಿನ ಹಿಡಿ ತಿರುಗಿಸೋ! ಅದರ ಮರ್ಮ ಬಲ್ಲವನು ನೀನೊಬ್ಬನೇ."

"ಬಲಗೈ ಇಲ್ಲವಲ್ಲ ಸಾರ್."

"ಎಡಗೈ ಇದೆಯಲ್ಲಯ್ಯಾ!"

"ಇದೆ. ತಿರುಗಿಸಿದರೆ ಕೆಲಸ ಮಾಡಿದ ಹಾಗಾಗುತ್ತೆ ಸಾರ್. ನಿಮ್ಮದೇ ಏಳನೇ ಕಲಮು."

"ಇಲ್ಲಿ ಉಸಿರು ಕಟ್ಟುತ್ತಿದೆಯಪ್ಪಾ!"

"ನನಗೂ ಸಾರ್, ಅದನ್ನು ಕೇಳಿದಾಗಿನಿಂದ."

ಒಳಗೆ ಪೆನ್ನಿನ ಮುಚ್ಚಳ ತೆಗೆದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಬಾಗಿಲ ಸಂದಿಯಿಂದ ಕರಡು ಹೊರಬಂತು, ಏಳನೇ ಕಲಮಿಗೆ ಅಡ್ಡಗೀಟು ಎಳೆದು, ಪಕ್ಕದಲ್ಲಿ ರುಜು ಹಾಕಿಸಿಕೊಂಡು.